ಪ್ರೊಸೆಸರ್‌ನ ಬೀಗದ ಕೀಲಿ ಯಾರ ಕೈಲಿ?
ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದೀರಿ, ಲಿನಕ್ಸ್ ಹಾಕಲು ಸೆಕ್ಯೂರ್ ಬೂಟ್ (ಯಂತ್ರ ಆನ್ ಆಗುವಾಗ ನಂಬಿಕಸ್ಥ ಸಹಿ ಇರುವ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಕಾವಲು) ಅಡ್ಡಿಯೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ಉಬುಂಟು, ಫೆಡೋರಾದಂಥ ಲಿನಕ್ಸ್ ಆವೃತ್ತಿಗಳು ಅದರ ಜೊತೆಗೇ ಓಡುತ್ತವೆ. ಬೂಟ್ ಆಗುವಾಗಲೇ ನುಸುಳುವ ವೈರಸ್‌ಗಳನ್ನು ಅದು ತಡೆಯುತ್ತದೆ, ಸುಮ್ನೆ ಆಫ್ ಮಾಡಬೇಡಿ.

ನನಗೆ ಜಾಸ್ತಿ ಬೇಸರ ತರುವುದು ಇಂಟೆಲ್‌ನ ಬೂಟ್ ಗಾರ್ಡ್. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ತಯಾರಕರದ್ದೇ ಎಂದು ಪರೀಕ್ಷಿಸುವ ಬೀಗ ಅದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರ ಕೀಲಿಯ ಗುರುತನ್ನು ಚಿಪ್‌ನ ಫ್ಯೂಸ್‌ಗಳಲ್ಲೇ (ಒಮ್ಮೆ ಮಾತ್ರ ಬರೆಯಬಹುದಾದ ಜಾಗ) ಬರೆದುಬಿಡುತ್ತಾರೆ. ಮತ್ತೆ ಬದಲಿಸಲು ಆಗುವುದಿಲ್ಲ. ಕೋರ್‌ಬೂಟ್‌ನಂಥ ಮುಕ್ತ ಫರ್ಮ್‌ವೇರ್ ಹಾಕಲು ದುಡ್ಡು ಕೊಟ್ಟ ಮಾಲೀಕರಿಗೇ ದಾರಿಯಿಲ್ಲ! ಕಳ್ಳರನ್ನು ತಡೆಯಲಿ, ಆದರೆ ಕೀಲಿ ಬದಲಿಸುವ ಹಕ್ಕು ಕೊಂಡವರಿಗೆ ಇರಬೇಕು ಅಲ್ವಾ?

ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್, ಅಂದರೆ ಮುಖ್ಯ ಪ್ರೊಸೆಸರ್‌ನಿಂದ ಬೇರೆಯಾಗಿ ಓಡುವ ಪುಟ್ಟ ಕಂಪ್ಯೂಟರ್, ಕೂಡ ಹಾಗೆಯೇ, ಅದರ ಕೋಡ್ ಮುಚ್ಚಿಟ್ಟದ್ದು. 2017ರಲ್ಲಿ ಅದರಲ್ಲೇ ಗಂಭೀರ ದೋಷಗಳು ಸಿಕ್ಕವು. ನಿಮ್ಮದು ಹಳೆಯ ಯಂತ್ರವಾದ್ದರಿಂದ ಮೊದಲು ತಯಾರಕರ ಸೈಟಿನಿಂದ ಕೊನೆಯ ಬಯೋಸ್ (ಫರ್ಮ್‌ವೇರ್) ಅಪ್‌ಡೇಟ್ ಹಾಕಿಕೊಳ್ಳಿ.