ಕಿಂಡಲ್ ಒಂದು, ಪುಸ್ತಕ ನಾಲ್ಕು ಕಡೆಯವು

ಪ್ರಶ್ನೆ: ಮಗ ಇ-ಪುಸ್ತಕ ಓದೋ ಕಿಂಡಲ್ ಕೊಡಿಸಿದ್ದಾನೆ. ಅಮೆಜಾನ್‌ನಲ್ಲಿ ಕೊಂಡ ಇಂಗ್ಲಿಷ್ ಕಾದಂಬರಿ, ವಿಕಿಸೋರ್ಸ್ ಅನ್ನೋ ಉಚಿತ ತಾಣದ ಕನ್ನಡ ಪುಸ್ತಕ, ಇಂಟರ್ನೆಟ್ ಆರ್ಕೈವ್‌ನ ಪಿಡಿಎಫ್, ಗೆಳತಿಯರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ ಫೈಲು, ಎಲ್ಲ ಅದರಲ್ಲೇ ಓದುವಾಸೆ. ಕೆಲವು ತೆರೆಯೋದೇ ಇಲ್ಲ, ಕೆಲವು ಇರುವೆ ಸಾಲಿನ ಹಾಗೆ ಕಾಣುತ್ತವೆ. ಏನು ಮಾಡಲಿ? ಬೇಸಿಗೆಯಲ್ಲಿ ಮಾಳಿಗೆ ಮೇಲೆ ಕೂತು ಓದಬಹುದಾ?
– ಶಿಕ್ಷಕಿ, ಗಂಗಾವತಿ

ಉತ್ತರ: ಮೇಡಂ, ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಒಂದು ಕಡೆ ಸೇರಿಸಿ. ಅದಕ್ಕೆ ಕ್ಯಾಲಿಬರ್ ಅನ್ನೋ ಉಚಿತ ತಂತ್ರಾಂಶ ಸಾಕು. 2006ರಿಂದ ಇದೆ. ಒಂದೇ ಪುಸ್ತಕದ ಪಿಡಿಎಫ್, ಇಪಬ್ (ಅಕ್ಷರದ ಗಾತ್ರ ಬದಲಾಯಿಸಬಹುದಾದ ಇ-ಪುಸ್ತಕದ ಫೈಲು) ಎರಡನ್ನೂ ಒಂದೇ ಹೆಸರಿನಡಿ ಇಡುತ್ತದೆ. ಬಳ್ಳಾರಿಯ ನಮ್ಮನೆ ಕಂಪ್ಯೂಟರಿನಲ್ಲಿ ನಾನು ಪ್ರತಿ ಪುಸ್ತಕಕ್ಕೂ ‘ಬೀಗ’, ‘ಅಕ್ಷರ’, ‘ಫೋಟೋ’ ಅಂತ ಮೂರರಲ್ಲೊಂದು ಟ್ಯಾಗ್ ಹಾಕುತ್ತೇನೆ. ನೀವೂ ಹಾಗೇ ಮಾಡಿ.

ಬೀಗ ಅಂದರೆ ಅಮೆಜಾನ್‌ನಲ್ಲಿ ಕೊಂಡವು. ಅವು ನಿಮ್ಮ ಅಮೆಜಾನ್ ಖಾತೆಯ ಜೊತೆಗೇ ಇರುತ್ತವೆ. ಫೈಲನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಹಾಕುವ ದಾರಿಯನ್ನೂ 2025ರ ಫೆಬ್ರವರಿಯಲ್ಲಿ ತೆಗೆದುಬಿಟ್ಟರು. ಇವುಗಳ ಹೆಸರನ್ನಷ್ಟೇ ಕ್ಯಾಲಿಬರ್‌ನಲ್ಲಿ ಬರೆದಿಡಿ.

ವಿಕಿಸೋರ್ಸ್‌ನದು ‘ಅಕ್ಷರ’. ಇಪಬ್ ಆಗಿಯೇ ಇಳಿಸಿಕೊಳ್ಳಿ. ಯುಎಸ್‌ಬಿಯಲ್ಲಿ ನೇರ ಹಾಕಿದರೆ ಕಿಂಡಲ್ ಇಪಬ್ ತೆರೆಯಲ್ಲ. ನಿಮಗೆ ಆಗುತ್ತಿರೋದು ಇದೇ ಇರಬೇಕು. ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಪುಟದಿಂದ ಕಳಿಸಿ, ಅದೇ ಬದಲಾಯಿಸಿಕೊಳ್ಳುತ್ತದೆ. ಇಲ್ಲವೇ ಕ್ಯಾಲಿಬರ್‌ನಲ್ಲಿ ಕಿಂಡಲ್ ತೆರೆಯುವ ಎಜಡ್‌ಡಬ್ಲ್ಯು3 (AZW3) ಫೈಲು ಮಾಡಿ ಹಾಕಿ.

ತಲೆನೋವು ಜಾಸ್ತಿ ಇರೋದು ಪಿಡಿಎಫ್‌ಗಳಲ್ಲಿ. ಆರ್ಕೈವ್‌ನ ಹಳೇ ಕನ್ನಡ ಪುಸ್ತಕ ಬಹುತೇಕ ಸ್ಕ್ಯಾನ್ ಮಾಡಿದ್ದು. ಅದರಲ್ಲಿರೋದು ಪುಟದ ಫೋಟೋ, ಅಕ್ಷರ ಅಲ್ಲ; ಇದಕ್ಕೆ ‘ಫೋಟೋ’ ಟ್ಯಾಗ್. ಹಾಗಾಗಿ ಫಾಂಟ್ ದೊಡ್ಡದು ಮಾಡೋಕಾಗಲ್ಲ. ಕಿಂಡಲನ್ನು ಅಡ್ಡ ತಿರುಗಿಸಿ ಓದಿ ನೋಡಿ. ಸಾಲದಿದ್ದರೆ ಕೆಟುಪಿಡಿಎಫ್‌ಆಪ್ಟ್ (k2pdfopt) ಅನ್ನೋ ಉಚಿತ ತಂತ್ರಾಂಶವಿದೆ. ಅದು ಪುಟದ ಅಂಚು ಕತ್ತರಿಸಿ, ಸಾಲುಗಳನ್ನು ತುಂಡು ಮಾಡಿ ಚಿಕ್ಕ ಪರದೆಗೆ ಜೋಡಿಸುತ್ತದೆ. ಚಿತ್ರವನ್ನೇ ಕತ್ತರಿಸೋದರಿಂದ ಒತ್ತಕ್ಷರ ಕೆಡಲ್ಲ. ಇಷ್ಟೆಲ್ಲ ಯಾಕೆ ಅನಿಸಿದರೆ ಟ್ಯಾಬ್‌ನಲ್ಲಿ ಓದಿಬಿಡಿ. ನಾನು ಓದೋದು ಹಾಗೇ.

ನುಡಿಯದು ಬೇರೆ ಕಥೆ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಆಕಾರ ಅಷ್ಟೇ. ಫಾಂಟ್ ಇಲ್ಲದ ಕಡೆ ಬರೀ ಚಿಹ್ನೆಗಳ ರಾಶಿ ಕಾಣುತ್ತದೆ. ವರ್ಡ್ ಫೈಲ್ ಇದ್ದರೆ ಅದನ್ನು ಯುನಿಕೋಡ್‌ಗೆ (ಎಲ್ಲ ಸಾಧನಕ್ಕೂ ಅರ್ಥವಾಗುವ ಅಕ್ಷರ ಸಂಕೇತ) ಬದಲಾಯಿಸುವ ಪರಿವರ್ತಕದಲ್ಲಿ ಹಾಕಿ, ಆಮೇಲೆ ಇಪಬ್ ಮಾಡಿ. ಪಿಡಿಎಫ್ ಮಾತ್ರ ಇದ್ದರೆ ಬದಲಾಯಿಸೋಕೆ ಹೋಗಬೇಡಿ, ಸುಮ್ನೆ ಸಂಜೆ ಹಾಳು.

ಮಾಳಿಗೆ ವಿಷಯ. ಕಿಂಡಲ್‌ನ ಕಾಗದದಂಥ ಇ-ಇಂಕ್ ಪರದೆ ಬಿಸಿಲಲ್ಲಿ ಚೆನ್ನಾಗೇ ಕಾಣುತ್ತದೆ. ಆದರೆ ಕಿಂಡಲ್ ಬಳಸೋಕೆ 35 ಡಿಗ್ರಿವರೆಗೆ ಅಂತ ಕಂಪನಿ ಹೇಳುತ್ತದೆ. ನಮ್ಮ ಮೇ ತಿಂಗಳು ಗೊತ್ತಲ್ಲ, 40 ದಾಟುತ್ತೆ. ಹೊತ್ತು ಇಳಿದ ಮೇಲೆ ಹತ್ತಿ. ನಿಲ್ಲಿಸಿದ ಕಾರಿನಲ್ಲಂತೂ ಬಿಟ್ಟು ಹೋಗಬೇಡಿ.