ಕೀ ಫೈಲಿಗೆ ಬರೀ ಹ್ಯಾಶ್ ಸಾಲದು

ಎಇಎಸ್ (ಡೇಟಾ ಎನ್‌ಕ್ರಿಪ್ಟ್ ಮಾಡುವ ವಿಧಾನ) ಕೀ ಇರುವ ಫೈಲನ್ನು ಪಾಸ್‌ಫ್ರೇಸ್‌ನ, ಅಂದರೆ ಉದ್ದನೆಯ ಪಾಸ್‌ವರ್ಡ್‌ನ, ಎಸ್‌ಎಚ್‌ಎ-256 ಹ್ಯಾಶ್‌ನಿಂದಲೇ (ಅದರಿಂದ ಲೆಕ್ಕ ಹಾಕಿ ಬರುವ, ಹಿಂದಕ್ಕೆ ತಿರುಗಿಸಲಾಗದ ಸಂಖ್ಯೆ) ಎನ್‌ಕ್ರಿಪ್ಟ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಹ್ಯಾಶ್ ತುಂಬಾ ವೇಗದ್ದು. ಫೈಲ್ ಕದ್ದವರು ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಸೆಕೆಂಡಿಗೆ ಕೋಟಿಗಟ್ಟಲೆ ಪಾಸ್‌ಫ್ರೇಸ್ ಊಹಿಸಿ ನೋಡಬಹುದು.

ಬೇಕೆಂದೇ ನಿಧಾನವಾಗಿರುವ, ಜಾಸ್ತಿ ಮೆಮೊರಿ ಕೇಳುವ ಆರ್ಗಾನ್2ಐಡಿ ಬಳಸಿ, ಅದು ಪಾಸ್‌ಫ್ರೇಸ್‌ನಿಂದ ಕೀ ತಯಾರಿಸುವ ವಿಧಾನ. 64 ಎಂಐಬಿ ಮೆಮೊರಿ, 3 ಸುತ್ತು, 4 ಲೇನ್ (ಒಟ್ಟೊಟ್ಟಿಗೆ ನಡೆಯಬಲ್ಲ ಲೆಕ್ಕದ ಸಾಲು): ಮೆಮೊರಿ ಕಡಿಮೆ ಇರುವ ಕಡೆಗೆ 2021ರ ಆರ್‌ಎಫ್‌ಸಿ 9106 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಹೇಳುವ ಅಳತೆ ಇದು. ಜೊತೆಗೆ 16 ಬೈಟಿನ ರ್ಯಾಂಡಮ್ ಸಾಲ್ಟ್, ಅಂದರೆ ಪಾಸ್‌ಫ್ರೇಸ್ ಜೊತೆ ಬೆರೆಸುವ ಸಂಖ್ಯೆ. ಸಾಲ್ಟ್ ಗುಟ್ಟೇನಲ್ಲ. ಅದನ್ನೂ ಈ ಅಳತೆಗಳನ್ನೂ ಫೈಲಿನ ಮೊದಲಲ್ಲೇ ಬರೆದಿಡಿ. ಇಲ್ಲದಿದ್ದರೆ ಮುಂದೆ ಅಳತೆ ಬದಲಿಸಿದಾಗ ಹಳೆ ಫೈಲ್ ತೆರೆಯುವುದೇ ಇಲ್ಲ.

ಡೇಟಾಗೆ ಬಳಸುವ ಕೀ ಮಾತ್ರ 32 ಬೈಟ್, ಪೂರ್ತಿ ರ್ಯಾಂಡಮ್ ಆಗಿರಲಿ. ಪಾಸ್‌ಫ್ರೇಸ್‌ನಿಂದ ಬಂದದ್ದು ಅದಕ್ಕೆ ಹಾಕುವ ಬೀಗ ಅಷ್ಟೇ. ಪಾಸ್‌ಫ್ರೇಸ್ ಬದಲಿಸಿದಾಗ ಈ ಸಣ್ಣ ಫೈಲನ್ನು ಮತ್ತೆ ಬರೆದರಾಯಿತು, ಡೇಟಾ ಮುಟ್ಟಬೇಕಿಲ್ಲ. ಬೀಗಕ್ಕೆ ಎಇಎಸ್-ಜಿಸಿಎಂ ಒಳ್ಳೆಯದು, ಅದು ಎನ್‌ಕ್ರಿಪ್ಟ್ ಮಾಡುವಾಗ ಪರಿಶೀಲನೆಗೆ ಒಂದು ಟ್ಯಾಗ್ ಕೂಡ ಸೇರಿಸುತ್ತದೆ. ಪ್ರತಿ ಸಲ ಹೊಸ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಇರಲಿ. ಯಾರಾದರೂ ಫೈಲ್ ತಿದ್ದಿದ್ದರೆ ಟ್ಯಾಗ್ ಹೊಂದುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಸುಮ್ನೆ ಸಿಬಿಸಿ (ಟ್ಯಾಗ್ ಇಲ್ಲದ ಎಇಎಸ್ ಬಗೆ) ಹಾಕಿದರೆ ಆ ಭರವಸೆ ಇರುವುದಿಲ್ಲ.

ಫೈಲ್ ಪರ್ಮಿಷನ್ 600 ಇಡಿ, ಅಂದರೆ ಫೈಲಿನ ಮಾಲೀಕರು ಮಾತ್ರ ಓದಿ ಬರೆಯುವಂತೆ. ಪಾಸ್‌ಫ್ರೇಸ್ ಬದಲಿಸಿದ ಮೇಲೆ ಬ್ಯಾಕಪ್‌ನಲ್ಲಿರುವ ಹಳೆ ಫೈಲ್‌ಗಳನ್ನೂ ಅಳಿಸಿ. ಹಳೆ ಪಾಸ್‌ಫ್ರೇಸ್ ಗೊತ್ತಿದ್ದವರಿಗೆ ಅವುಗಳಿಂದ ಅದೇ ಕೀ ಸಿಗುತ್ತದೆ ಅಲ್ವಾ?