ಚರಂಡಿ ಜಾಲದ ಮಾದರಿ ತಿದ್ದುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆನೀರು ಚರಂಡಿ, ಒಳಚರಂಡಿ ಜಾಲಗಳ ಗಣಕ ಮಾದರಿ ತಿದ್ದುವವರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುತೇಕರು ಬಳಸುತ್ತಿರುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಉಚಿತವಾಗಿ ಕೊಡುವ ಎಸ್‌ಡಬ್ಲ್ಯೂಎಂಎಂ 5 (ಸ್ಟಾರ್ಮ್ ವಾಟರ್ ಮ್ಯಾನೇಜ್‌ಮೆಂಟ್ ಮಾಡೆಲ್) ಎಂಬ ತಂತ್ರಾಂಶ. ಹಾಗಾಗಿ ಇಲ್ಲಿ ಬರುವ ಮೆನು, ಎಚ್ಚರಿಕೆ ಸಂಖ್ಯೆಗಳೆಲ್ಲ ಅದರವು. ಬೇರೆ ತಂತ್ರಾಂಶದಲ್ಲಿ ಹೆಸರುಗಳು ಬೇರೆ ಇರಬಹುದು, ಲೆಕ್ಕ ಮಾತ್ರ ಇದೇ.

ಪ್ರಶ್ನೆ: 120 ಮೀಟರ್ ಉದ್ದದ ಪೈಪಿನ ನಡುವೆ ಒಂದು ಮ್ಯಾನ್‌ಹೋಲ್ ಸೇರಿಸಿದೆ. ಪೈಪಿನ ವ್ಯಾಸ, ಇಳಿಜಾರು ಯಾವುದನ್ನೂ ಮುಟ್ಟಿಲ್ಲ. ಆದರೂ ಮೇಲ್ಭಾಗದ ಮ್ಯಾನ್‌ಹೋಲಿನಲ್ಲಿ ನೀರಿನ ಮಟ್ಟ ಸುಮಾರು 17 ಸೆಂ.ಮೀ. ಏರಿದೆ. ಯಾಕೆ?

ಉತ್ತರ: ಪೈಪನ್ನು ಎರಡು ಮಾಡುವಾಗ ಅದರ ಎಲ್ಲ ಗುಣಗಳನ್ನೂ ಎರಡೂ ತುಂಡುಗಳಿಗೆ ನಕಲು ಮಾಡಿರುತ್ತೀರಿ. ಒರಟುತನ, ವ್ಯಾಸಗಳನ್ನು ನಕಲು ಮಾಡಿದ್ದು ಸರಿ. ನಷ್ಟದ ಗುಣಾಂಕಗಳನ್ನು (ಪೈಪಿಗೆ ನುಗ್ಗುವಾಗ, ಹೊರಬರುವಾಗ ನೀರು ಕಳೆದುಕೊಳ್ಳುವ ಶಕ್ತಿಯ ಅಳತೆ) ಹಾಗೆ ಮಾಡುವಂತಿಲ್ಲ. ಮೂಲ ಪೈಪಿಗೆ ಪ್ರವೇಶ ನಷ್ಟ 0.5, ನಿರ್ಗಮನ ನಷ್ಟ 1.0 ಇತ್ತೆನ್ನಿ. ಈಗ ಎರಡು ತುಂಡಿಗೂ ಅದೇ ಇದ್ದರೆ, ನಡುವಿನ ಮ್ಯಾನ್‌ಹೋಲಿನಲ್ಲಿ ಹೊಸದಾಗಿ 1.5 ಪಟ್ಟು ವೇಗಶಿರ (ನೀರಿನ ವೇಗದ ಶಕ್ತಿಯನ್ನು ನೀರಿನ ಎತ್ತರವಾಗಿ ಹೇಳಿದ್ದು) ಕಳೆದುಹೋಗುತ್ತದೆ. ವೇಗ ಸೆಕೆಂಡಿಗೆ 1.5 ಮೀ. ಇದ್ದಾಗ ವೇಗಶಿರ 0.115 ಮೀ., ಅದರ ಒಂದೂವರೆ ಪಟ್ಟು 0.17 ಮೀ. ನಿಮ್ಮ 17 ಸೆಂ.ಮೀ. ಬಹುಪಾಲು ಇಲ್ಲಿಂದಲೇ ಬಂದಿದೆ. ಮೇಲಿನ ತುಂಡಿಗೆ ಪ್ರವೇಶ ನಷ್ಟ, ಕೆಳಗಿನ ತುಂಡಿಗೆ ನಿರ್ಗಮನ ನಷ್ಟ ಮಾತ್ರ ಉಳಿಸಿ. ನಡುವಿನ ಮ್ಯಾನ್‌ಹೋಲ್ ನೇರ ಹಾದಿಯಲ್ಲಿದ್ದು, ತಳದಲ್ಲಿ ಒಳ್ಳೆಯ ಕಾಲುವೆ ತಿದ್ದಿದ್ದರೆ ಅಲ್ಲಿನ ನಷ್ಟ ತೀರ ಚಿಕ್ಕದು. ತಿರುವಿನ ಮ್ಯಾನ್‌ಹೋಲಾದರೆ ಅದಕ್ಕೆ ತಕ್ಕ ಗುಣಾಂಕವನ್ನು ಬೇರೆಯಾಗಿ ಕೊಡಿ.

ಉಳಿದ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಮೇಲಿನ ತುದಿಯ ಇನ್ವರ್ಟ್ (ಒಳತಳದ ಮಟ್ಟ, ಮೀಟರಿನಲ್ಲಿ) 98.60, ಕೆಳಗಿನದು 98.00 ಇದ್ದರೆ ಇಳಿಜಾರು 0.005. ಹೊಸ ಮ್ಯಾನ್‌ಹೋಲ್ ಮೇಲಿನಿಂದ 45 ಮೀ. ದೂರದಲ್ಲಿದ್ದರೆ ಅದರ ಇನ್ವರ್ಟ್ 98.60ರಿಂದ 0.225 ಕಳೆದು 98.375 ಆಗಬೇಕು. ಉದ್ದಗಳು 45 ಮತ್ತು 75. ಸ್ಥಳದಲ್ಲಿ ಅಳೆದ ಮಟ್ಟ ಕೈಲಿದ್ದರೆ ಈ ಲೆಕ್ಕ ಬಿಟ್ಟು ಅದನ್ನೇ ಹಾಕಿ. ಅಲ್ಲಿ ನೆಲದ ಮಟ್ಟ 101.20 ಆದರೆ ಗರಿಷ್ಠ ಆಳ 2.825 ಮೀ. ಈ ಅಂಕಣವನ್ನು ಸೊನ್ನೆಯಾಗಿ ಬಿಡಬೇಡಿ. ಬಿಟ್ಟರೆ ತಂತ್ರಾಂಶ ಅತಿ ಎತ್ತರದ ಪೈಪಿನ ನೆತ್ತಿಯನ್ನೇ ಮ್ಯಾನ್‌ಹೋಲಿನ ಬಾಯಿ ಎಂದುಕೊಳ್ಳುತ್ತದೆ. ಪೈಪ್ ತುಂಬಿ ಒಂದಿಷ್ಟು ಒತ್ತಡ ಬಂದರೆ ಸಾಕು, ಇಲ್ಲದ ಪ್ರವಾಹ ಕಾಣಿಸುತ್ತದೆ. ಮೂಲ ಪೈಪಿಗೆ ಮೇಲಿನ ತುದಿಯಲ್ಲಿ ಆಫ್‌ಸೆಟ್ (ಮ್ಯಾನ್‌ಹೋಲಿನ ತಳಕ್ಕಿಂತ ಪೈಪಿನ ತುದಿ ಮೇಲಿರುವುದು) ಇದ್ದರೆ ಅದು ಮೇಲಿನ ತುಂಡಿಗೆ, ಕೆಳತುದಿಯದು ಕೆಳಗಿನ ತುಂಡಿಗೆ ಸೇರಬೇಕು. ಫ್ಲಾಪ್ ಗೇಟ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು) ಇದ್ದರೆ ಅದು ನಿಜವಾಗಿ ಎಲ್ಲಿದೆಯೋ ಆ ಒಂದು ತುಂಡಿನಲ್ಲಿ ಮಾತ್ರ ಇರಲಿ.

ಪ್ರಶ್ನೆ: ನಕ್ಷೆಯ ಮೇಲೆ ಮ್ಯಾನ್‌ಹೋಲನ್ನು ಎಳೆದು ಸರಿಯಾದ ಜಾಗಕ್ಕೆ ಇಟ್ಟೆ. ಪೈಪಿನ ಉದ್ದ ಹಳೆಯದೇ ಇದೆ.

ಉತ್ತರ: ಎಸ್‌ಡಬ್ಲ್ಯೂಎಂಎಂನಲ್ಲಿ ನಕ್ಷೆ ಬರೀ ಚಿತ್ರ. ಲೆಕ್ಕಕ್ಕೆ ಹೋಗುವುದು ಉದ್ದದ ಅಂಕಣದಲ್ಲಿರುವ ಸಂಖ್ಯೆ. ಕೆಳಗಿನ ಪಟ್ಟಿಯಲ್ಲಿರುವ ಆಟೋ-ಲೆಂಗ್ತ್ ಆನ್ ಇದ್ದಾಗ ಮಾತ್ರ, ಎಳೆದ ಹಾಗೆ ಉದ್ದ ಬದಲಾಗುತ್ತದೆ. ಅದನ್ನು ಸದಾ ಆನ್ ಇಡುವುದೂ ಅಪಾಯ: ಓದಲು ಅನುಕೂಲವಾಗಲೆಂದು ಒಂದು ನೋಡನ್ನು (ಮ್ಯಾನ್‌ಹೋಲಿನಂತೆ ಪೈಪುಗಳು ಸೇರುವ ಬಿಂದು) ಪಕ್ಕಕ್ಕೆ ಸರಿಸಿದರೂ ಅಳತೆ ಮಾಡಿ ಹಾಕಿದ ಉದ್ದ ಅಳಿಸಿಹೋಗುತ್ತದೆ. ಬೇಕಾದಾಗ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ಪ್ರಶ್ನೆ: ಹೊಸ ಸರ್ವೆಯ ಪ್ರಕಾರ ಒಂದು ಮ್ಯಾನ್‌ಹೋಲಿನ ಇನ್ವರ್ಟ್ 98.40 ಅಲ್ಲ, 98.10. ಅದೊಂದನ್ನು ಬದಲಿಸಿದರೆ ಸಾಕೇ?

ಉತ್ತರ: ಸಾಲದು. ಹೆಚ್ಚು ಮಂದಿ ಎಡವುವುದು ಇಲ್ಲಿಯೇ, ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಗರಿಷ್ಠ ಆಳ. ತಂತ್ರಾಂಶ ನೆಲದ ಮಟ್ಟವನ್ನು ನೇರವಾಗಿ ಇಟ್ಟುಕೊಳ್ಳುವುದಿಲ್ಲ. ಇನ್ವರ್ಟ್‌ಗೆ ಗರಿಷ್ಠ ಆಳ ಕೂಡಿಸಿ ಬಂದದ್ದೇ ಅದರ ಪಾಲಿಗೆ ನೆಲ. ಇನ್ವರ್ಟ್ 30 ಸೆಂ.ಮೀ. ಇಳಿಸಿ ಆಳವನ್ನು ಹಾಗೇ ಬಿಟ್ಟರೆ ರಸ್ತೆಯೂ 30 ಸೆಂ.ಮೀ. ಇಳಿದಂತೆ. ಆಳಕ್ಕೆ 0.30 ಕೂಡಿಸಿ.

ಆಮೇಲೆ ಪೈಪಿನ ತುದಿಗಳು. ಆಫ್‌ಸೆಟ್‌ಗಳು ಆಳದ ರೂಪದಲ್ಲಿದ್ದರೆ (ಡೆಪ್ತ್), ಅವು ಮ್ಯಾನ್‌ಹೋಲಿನ ತಳದಿಂದ ಎಷ್ಟು ಮೇಲೆ ಎಂದು ಹೇಳುತ್ತವೆ. ತಳ ಇಳಿದರೆ ಸೇರಿದ ಪೈಪುಗಳೆಲ್ಲ ಜೊತೆಗೇ ಇಳಿಯುತ್ತವೆ, ಇಳಿಜಾರುಗಳು ಸದ್ದಿಲ್ಲದೆ ಬದಲಾಗುತ್ತವೆ. ಮಟ್ಟದ ರೂಪದಲ್ಲಿದ್ದರೆ (ಎಲಿವೇಷನ್), ಪೈಪುಗಳು 98.40ರಲ್ಲೇ ನಿಂತು ಕೆಳಗೆ 30 ಸೆಂ.ಮೀ. ಗುಂಡಿ ಉಳಿಯುತ್ತದೆ. ಎರಡೂ ನಿಜ ಇರಬಹುದು. ಸರ್ವೆಯವರು ಅಳೆದದ್ದು ಹೂಳು ತೆಗೆದ ತಳವನ್ನೋ ಪೈಪಿನ ಬಾಯನ್ನೋ ಎಂದು ಕೇಳಿ ತಿಳಿದ ಮೇಲೆ ಆರಿಸಿ.

ಇನ್ವರ್ಟ್ ಏರಿಸುವಾಗ ಇನ್ನೊಂದು ತೊಡಕು. ಮಟ್ಟದ ರೂಪದಲ್ಲಿ ಪೈಪಿನ ತುದಿ ಹೊಸ ತಳಕ್ಕಿಂತ ಕೆಳಗೆ ಬಿದ್ದರೆ ತಂತ್ರಾಂಶ ಎಚ್ಚರಿಕೆ 03 ಕೊಟ್ಟು ಆ ಋಣ ಆಫ್‌ಸೆಟ್ ಅನ್ನು ಬದಿಗಿಟ್ಟು, ಪೈಪನ್ನು ತಳಕ್ಕೇ ಜೋಡಿಸಿ ಓಡುತ್ತದೆ. ಓಟ ನಿಲ್ಲದ ಕಾರಣ ವರದಿಯ ಆ ಸಾಲನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿ.

ಐಎನ್‌ಪಿ ಕಡತದಲ್ಲಿ (ಮಾದರಿಯ ಮಾಹಿತಿಯೆಲ್ಲ ಇರುವ ಪಠ್ಯ ಕಡತ) ಕೈಯಾರೆ ಡೆಪ್ತ್, ಎಲಿವೇಷನ್ ಆಯ್ಕೆ ಬದಲಿಸಿದರೆ ಸಂಖ್ಯೆಗಳು ತಾವಾಗಿ ಪರಿವರ್ತನೆಯಾಗುವುದಿಲ್ಲ. 98.40 ಎಂಬ ಮಟ್ಟ ತಳದಿಂದ 98.40 ಮೀಟರ್ ಎತ್ತರ ಎಂದು ಓದಿಸಿಕೊಳ್ಳುತ್ತದೆ. ಆಗ ನೋಡುಗಳ ಗರಿಷ್ಠ ಆಳ ಹೆಚ್ಚಿಸಲಾಗಿದೆ ಎಂಬ ಎಚ್ಚರಿಕೆ 02 ಸಾಲುಸಾಲಾಗಿ ಬರುತ್ತದೆ. ಆ ಸಾಲು ಕಂಡರೆ ಮೊದಲ ಅನುಮಾನ ಆಫ್‌ಸೆಟ್ ಮೇಲೆ ಇರಲಿ. ಆಯ್ಕೆಯನ್ನು ತಂತ್ರಾಂಶದ ಪರದೆಯಿಂದಲೇ ಬದಲಿಸಿದರೆ, ಎಲ್ಲ ಆಫ್‌ಸೆಟ್‌ಗಳನ್ನೂ ಪರಿವರ್ತಿಸಬೇಕೇ ಎಂದು ಅದೇ ಕೇಳುತ್ತದೆ. ಹೌದು ಎನ್ನಿ.

ಪ್ರಶ್ನೆ: ಬೇಡದ ಮ್ಯಾನ್‌ಹೋಲುಗಳನ್ನು ಅಳಿಸಿ ಪೈಪುಗಳನ್ನು ಒಂದು ಮಾಡಿದೆ. ಕಂಟಿನ್ಯುಟಿ ದೋಷ (ಒಳಬಂದ, ಹೊರಹೋದ, ಉಳಿದ ನೀರಿನ ಲೆಕ್ಕದಲ್ಲಿ ತಾಳೆಯಾಗದ ಪಾಲು) 0.3% ಮಾತ್ರ, ಆದರೆ ಔಟ್‌ಫಾಲ್‌ಗೆ (ಜಾಲದ ನೀರು ಹೊರಬೀಳುವ ಕೊನೆಯ ಬಿಂದು) ಬರುವ ಹರಿವು ಕಡಿಮೆಯಾಗಿದೆ.

ಉತ್ತರ: ನೋಡ್ ಅಳಿಸಿದರೆ ಅದಕ್ಕೆ ಸೇರಿದ ಪೈಪುಗಳೂ, ಅದಕ್ಕೆ ಕಟ್ಟಿದ್ದ ಒಣಹವೆಯ ಹರಿವು (ಮಳೆ ಇಲ್ಲದಾಗಲೂ ಬರುವ ಕೊಳಚೆನೀರಿನಂಥದ್ದು) ಮತ್ತು ನೇರ ಒಳಹರಿವೂ ಅಳಿಯುತ್ತವೆ. ಮಾದರಿಯೊಳಗೆ ಬಾರದ ನೀರು ಕಂಟಿನ್ಯುಟಿ ಲೆಕ್ಕಕ್ಕೂ ಸಿಗುವುದಿಲ್ಲ, ಹಾಗಾಗಿ 0.3% ನಿಮಗೆ ಸುಳ್ಳು ಧೈರ್ಯ ಕೊಡುತ್ತಿದೆ. ಅಳಿಸುವ ಮೊದಲು ಆ ನೋಡಿನ ಒಳಹರಿವುಗಳನ್ನು ಕೆಳಗಿನ ನೋಡಿಗೆ ಸಾಗಿಸಿ, ಅದಕ್ಕೆ ನೀರು ಬಿಡುತ್ತಿದ್ದ ಸಬ್‌ಕ್ಯಾಚ್‌ಮೆಂಟುಗಳ (ಮಳೆನೀರು ಹರಿದುಬರುವ ನೆಲದ ತುಂಡುಗಳು) ಔಟ್‌ಲೆಟ್ ಬದಲಿಸಿ. ಒಣಹವೆಯ ಹರಿವಿನ ಒಟ್ಟು ಮೊತ್ತವನ್ನು ತಿದ್ದುವ ಮೊದಲೂ ನಂತರವೂ ಕೂಡಿಸಿ ನೋಡಿ. ಮೂರನೇ ದಶಮಾಂಶದವರೆಗೂ ಒಂದೇ ಇರಬೇಕು.

ಸಬ್‌ಕ್ಯಾಚ್‌ಮೆಂಟನ್ನು ಒಡೆಯುವವರೂ ಇಂಥದ್ದೇ ತಪ್ಪು ಮಾಡುತ್ತಾರೆ. 2 ಹೆಕ್ಟೇರ್ ಜಾಗ, ಹರಿವಿನ ಉದ್ದ 100 ಮೀ. ಆದರೆ ಅಗಲ 20,000 ಚದರ ಮೀಟರ್ ಭಾಗಿಸು 100, ಅಂದರೆ 200 ಮೀ. ಎರಡು ಸಮಪಾಲು ಮಾಡಿದಾಗ, ಹರಿವಿನ ಉದ್ದ ಅದೇ ಇದ್ದರೆ, ತಲಾ ಅಗಲ 100 ಆಗಬೇಕು. 200ನ್ನೇ ಉಳಿಸಿದರೆ ನೀರು ಬೇಗ ಇಳಿದು ಗರಿಷ್ಠ ಹರಿವು ಏರುತ್ತದೆ.

ಪ್ರಶ್ನೆ: ಔಟ್‌ಫಾಲ್‌ಗೆ ಎರಡನೇ ಪೈಪ್ ಜೋಡಿಸಿದರೆ ದೋಷ 141.

ಉತ್ತರ: ಒಂದು ಔಟ್‌ಫಾಲ್‌ಗೆ ಒಂದೇ ಪೈಪ್. ಎರಡೂ ಪೈಪ್ ನಿಜವಾಗಿ ಬೇರೆಬೇರೆಯಾಗಿ ಹೊರಬೀಳುತ್ತಿದ್ದರೆ ಎರಡು ಔಟ್‌ಫಾಲ್ ಕೊಡಿ. ಕೂಡಿ ಬೀಳುತ್ತಿದ್ದರೆ ಕೂಡುವ ಜಾಗದಲ್ಲಿ ಜಂಕ್ಷನ್ (ಸಾಮಾನ್ಯ ನೋಡ್) ಇಟ್ಟು, ಅಲ್ಲಿಂದ ಒಂದು ಪೈಪ್ ಬಿಡಿ. ಆ ಪೈಪಿಗೆ 1 ಮೀಟರ್ ಉದ್ದ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಜಿಐಎಸ್‌ನಿಂದ (ಗಣಕ ನಕ್ಷೆ ವ್ಯವಸ್ಥೆ) ತಂದ ಜಾಲದಲ್ಲಿ 3 ಮೀಟರಿನ ಪೈಪುಗಳು ಅನೇಕ. ಹರಿವಿನ ಗೆರೆ ಗರಗಸದಂತೆ ಕುಣಿಯುತ್ತದೆ, ಕಂಟಿನ್ಯುಟಿ ದೋಷ 14%.

ಉತ್ತರ: ಡೈನಾಮಿಕ್ ವೇವ್ ಲೆಕ್ಕದಲ್ಲಿ (ಪೈಪಿನಲ್ಲಿ ಅಲೆ ಸಾಗುವುದನ್ನೂ ಲೆಕ್ಕಿಸುವ ವಿಧಾನ) ಒಂದು ಕಾಲಹೆಜ್ಜೆಯೊಳಗೆ (ಒಂದು ಲೆಕ್ಕದಿಂದ ಮುಂದಿನದಕ್ಕೆ ಇರುವ ಸಮಯ) ಅಲೆ ಪೈಪನ್ನು ದಾಟಿಹೋಗಬಾರದು. 3 ಮೀ. ಪೈಪ್, ನೀರಿನ ಆಳ 1 ಮೀ., ವೇಗ ಸೆಕೆಂಡಿಗೆ 1.5 ಮೀ. ಆದರೆ ಅಲೆಯ ವೇಗ 1.5ಕ್ಕೆ 3.13 (1 ಮೀ. ಆಳದ ನಿಂತ ನೀರಿನಲ್ಲಿ ಅಲೆಯ ವೇಗ) ಕೂಡಿ 4.63. ಹೆಜ್ಜೆ ಸುಮಾರು 0.65 ಸೆಕೆಂಡ್ ಮೀರಬಾರದು. ನೀವು 30 ಸೆಕೆಂಡ್ ಇಟ್ಟಿದ್ದರೆ ಕುಣಿಯದೆ ಇನ್ನೇನು ಮಾಡೀತು? ವೇರಿಯಬಲ್ ಹೆಜ್ಜೆ (ಅಗತ್ಯಕ್ಕೆ ತಕ್ಕಂತೆ ತಂತ್ರಾಂಶವೇ ಹೆಜ್ಜೆ ಚಿಕ್ಕದು ಮಾಡುವ ಆಯ್ಕೆ) ಆನ್ ಮಾಡಿದರೆ ನಿಲ್ಲಬಹುದು, ಆದರೆ ಇಡೀ ಜಾಲ ಆ ಒಂದು ತುಂಡು ಪೈಪಿನ ವೇಗಕ್ಕೆ ತೆವಳುತ್ತದೆ. ನಮ್ಮ ಸಲಹೆ: ವ್ಯಾಸ, ಇಳಿಜಾರು ಒಂದೇ ಇರುವ ಪಕ್ಕದ ಪೈಪಿನೊಂದಿಗೆ ಕೂಡಿಸಿ. ಹೆಚ್ಚಿನ ತುಂಡುಗಳು ನಕ್ಷೆ ಬರೆದವರು ಗೆರೆ ಎರಡು ಕಡೆ ಕ್ಲಿಕ್ಕಿಸಿದ್ದರಿಂದ ಹುಟ್ಟಿದವು, ನೆಲದಲ್ಲಿ ಅಲ್ಲಿ ಮ್ಯಾನ್‌ಹೋಲೇ ಇರುವುದಿಲ್ಲ. ದೋಷ 10% ದಾಟಿದ ಫಲಿತಾಂಶವನ್ನು ಯಾರ ಕೈಗೂ ಕೊಡಬೇಡಿ, 1ರಿಂದ 2% ಒಳಗೆ ತರುವವರೆಗೆ ಬಿಡಬೇಡಿ.

ಪ್ರಶ್ನೆ: ಸ್ಪ್ರೆಡ್‌ಶೀಟಿನಲ್ಲಿ ತಿದ್ದಿ ಮರಳಿ ಅಂಟಿಸಿದ ಮೇಲೆ ಅರ್ಧ ಪೈಪುಗಳು ಸಿಗುತ್ತಿಲ್ಲ.

ಉತ್ತರ: 007 ಎಂಬ ಹೆಸರು 7 ಆಗಿದೆ, 3-4 ಎಂಬುದು ದಿನಾಂಕವಾಗಿದೆ. ಅಂಟಿಸುವ ಮೊದಲೇ ಹೆಸರಿನ ಅಂಕಣಗಳನ್ನು ಪಠ್ಯ ರೂಪಕ್ಕೆ ಬದಲಿಸಿ. ಹೆಸರಿನ ನಡುವೆ ಖಾಲಿ ಜಾಗ ಇರಕೂಡದು, ಕಡತದಲ್ಲಿ ಅಂಕಣಗಳನ್ನು ಬೇರ್ಪಡಿಸುವುದೇ ಖಾಲಿ ಜಾಗ. ಹಳೆಯ ಐಎನ್‌ಪಿ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಎರಡನ್ನೂ ಪಠ್ಯ ಹೋಲಿಸುವ ತಂತ್ರಾಂಶದಲ್ಲಿ ಅಕ್ಕಪಕ್ಕ ತೆರೆಯಿರಿ. ನೀವು ಮುಟ್ಟದ ಸಾಲು ಬದಲಾಗಿದ್ದರೆ ಅಲ್ಲಿಯೇ ಕಾಣುತ್ತದೆ.